ಜಂಬಕ್ಕನ ಮೂಗಿನೊಳಗೆ ಯಾರೂ ನೋಡಲಿಲ್ಲ

ತಂಬ್ರಹಳ್ಳಿಯ ಜಂಬಕ್ಕನಿಗೆ ಮೂಗು ಕಟ್ಟುವುದು ಹೊಸದೇನಲ್ಲ. ಮೆಣಸಿನಕಾಯಿ ಕಣದಲ್ಲಿ ಕೂಲಿ ಮಾಡುವ ಯಾರ ಮೂಗು ತಾನೆ ನೆಟ್ಟಗಿರುತ್ತದೆ? ಆದರೆ ಈ ಸಲ ಕಟ್ಟಿದ್ದು ಎಡಗಡೆಯ ಒಂದೇ ಹೊಳ್ಳೆ. ಕಟ್ಟಿದ್ದು ಬಿಡಲೇ ಇಲ್ಲ. ಸೀನಿದರೆ ಸೆರಗಿಗೆ ರಕ್ತ ಹತ್ತುತ್ತಿತ್ತು.

"ದುರ್ಮಾಂಸ ಬೆಳದೈತಿ, ಅಷ್ಟ," ಅಂದ ಗಂಡ ಹುಲುಗಣ್ಣ. "ಕೊಟ್ಟೂರು ಸಂತಿಗೆ ಬೇರಿನ ಮದ್ದಿನ ಓಬಳೇಶ ಬರ್ತಾನ. ಅವನ ರಸ ಬಿಟ್ರ ಕರಗಿ ಹೋಗ್ತತಿ."

ಓಬಳೇಶ್ ಗೋಣಿಚೀಲದ ಮೇಲೆ ಬೇರು, ತೊಗಟೆ, ಒಣಗಿದ ಕಾಯಿ ಹರವಿಕೊಂಡು ಕೂತಿದ್ದ. ಜಂಬಕ್ಕ ಮುಖ ಎತ್ತಿ ಮೂಗು ತೋರಿಸಹೋದಳು. ಅವನು ಕಣ್ಣೆತ್ತಿಯೂ ನೋಡಲಿಲ್ಲ.

"ಗೊತ್ತಾತು ಬಿಡವ್ವ. ಇಂಥವು ಎಷ್ಟು ಕರಗಿಸೀನಿ!" ಎಂದು ಒಂದು ಸೀಸೆ ಕೈಗಿಟ್ಟ.

ಆ ರಸ ಮೂಗಿಗೆ ಬಿದ್ದರೆ ಕೆಂಡ ಸುರಿದ ಹಾಗಾಗುತ್ತಿತ್ತು. ಕಣ್ಣಲ್ಲಿ ನೀರು, ಮೂಗಲ್ಲಿ ರಕ್ತ. ಮತ್ತೆ ಸಂತೆಗೆ ಹೋಗಿ ಹೇಳಿದರೆ ಓಬಳೇಶ್ ನಕ್ಕ. "ಕೆಟ್ಟ ರಕ್ತ ಹೊರಗ ಹೊಂಟೈತಿ. ಮದ್ದು ಹತ್ತೈತಿ ಅಂತ ತಿಳ್ಕ."

ಹೀಗೇ ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು. ಎಡಗೆನ್ನೆ ಜೋಮು ಹಿಡಿಯಿತು. ಮೇಲಿನ ಹಲ್ಲೊಂದು ಅಲುಗಾಡತೊಡಗಿತು. ಅವಳು ಆಸ್ಪತ್ರೆ ಅಂದಾಗಲೆಲ್ಲ ಹುಲುಗಣ್ಣನದು ಒಂದೇ ಮಾತು: "ಅಲ್ಲಿ ಕೊಯ್ತಾರ. ಗಿಡಮೂಲಿಕಿಯಿಂದ ಏನೂ ಕೆಡಕಾಗಂಗಿಲ್ಲ."

ಒಂದು ಬೆಳಿಗ್ಗೆ ಅವನು ಸೀಸೆ ಹಿಡಿದು ಬಂದಾಗ ಜಂಬಕ್ಕ ಅದನ್ನು ಕಸಿದು ಅಂಗಳಕ್ಕೆ ಬೀಸಿ ಎಸೆದಳು.

"ಮೂಗು ನಂದು! ನೋವು ನಂದು! ನೀನೂ ಆ ಓಬಳೇಶನೂ ಕೂಡಿ ತೀರ್ಮಾನ ಮಾಡಾಕ ನಾನೇನು ಸಂತಿಗೆ ಹೊಡಕಂಡು ಹೋಗೋ ಎಮ್ಮೀನಾ?"

ಕೂಗು ಕೇಳಿ ಪಕ್ಕದ ಮನೆಯ ದ್ಯಾಮಕ್ಕ ಓಡಿ ಬಂದಳು. ಅವಳು ಹಿಂದೆ ಆಸ್ಪತ್ರೆಯಲ್ಲಿ ಕುತ್ತಿಗೆಯ ಗಡ್ಡೆ ತೆಗೆಸಿಕೊಂಡು ಗುಣವಾದವಳು. ಸೆರಗು ಸರಿಸಿ ಗಾಯದ ಗೆರೆ ತೋರಿಸಿದಳು.

"ಹುಲುಗಣ್ಣ, ಇಲ್ಲಿ ನೋಡು. ಕೊಯ್ದ್ರು ಅಂತ ನಾನು ಸತ್ತು ಹೋದ್ನೇನು? ನಿನಗ ಗಿಡಮೂಲಿಕಿ ಮ್ಯಾಲೆ ನಂಬಿಕಿ ಅಂದ್ರ, ಅದನ್ನ ಓದಿದ ಡಾಕ್ಟ್ರ ಹತ್ರನ ಹೋಗಾನು ನಡಿ. ಹಗರಿಬೊಮ್ಮನಹಳ್ಳ್ಯಾಗ ಆಯುರ್ವೇದದ ಮೇಡಂ ಅದಾರ."

ಹುಲುಗಣ್ಣ ಅಂಗಿ ತೊಟ್ಟು ಹೊರಟ; ಮೂವರೂ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದರು.

ಡಾಕ್ಟರ್ ಯಶೋಧಾ ಟಾರ್ಚ್ ಹಾಕಿ ಮೂಗಿನೊಳಗೆ ನೋಡಿದರು. ಬಾಯಿ ತೆರೆಸಿ ಮೇಲಂಗುಳ ನೋಡಿದರು. ಕುತ್ತಿಗೆಯನ್ನು ಬೆರಳಿಂದ ಒತ್ತಿ ನೋಡಿದರು. ಜಂಬಕ್ಕನಿಗೆ ಅಳು ಒತ್ತರಿಸಿ ಬಂತು. ಇಷ್ಟು ದಿನದಲ್ಲಿ ಒಬ್ಬರು ಮೂಗಿನೊಳಗೆ ನೋಡಿದ್ದು ಇದೇ ಮೊದಲು.

"ಯಾವ ಎಲಿ ಕೊಡ್ತೀರಿ ಮೇಡಂ?" ಹುಲುಗಣ್ಣ ಕೇಳಿದ.

"ಯಾವ್ದೂ ಕೊಡಂಗಿಲ್ಲ. ನಾನೂ ಗಿಡಮೂಲಿಕಿ ಕಲ್ತಾಕಿನ. ನೆಗಡಿ ಆಗಿದ್ರ ಕಷಾಯ ಕೊಡ್ತಿದ್ದೆ. ಇದು ಗಡ್ಡಿ. ಎಂಥ ಗಡ್ಡಿ ಅಂತ ಹೊರಗಿಂದ ನೋಡಿ ಹೇಳಾಕ ಯಾರಿಗೂ ಬರಂಗಿಲ್ಲ. ಬಳ್ಳಾರಿಗೆ, ಕಿವಿ ಮೂಗು ಗಂಟಲಿನ ಡಾಕ್ಟ್ರ ಹತ್ರ ಹೋಗ್ರಿ. ಸಣ್ಣ ನಳಿಗಿ ಹಾಕಿ ಒಳಗ ನೋಡ್ತಾರ, ಸ್ಕ್ಯಾನ್ ಮಾಡ್ತಾರ, ಒಂದು ಚೂರು ತಗದು ಬಯಾಪ್ಸಿ ಅಂತ ಪರೀಕ್ಷಿಗೆ ಕಳಸ್ತಾರ. ಔಷಧದ ಮಾತು ಆಮ್ಯಾಲೆ."

"ಚೂರು ತಗದ್ರ ಮೈಯೆಲ್ಲ ಹರಡ್ತತಂತಲ್ರಿ?" ಎಂದ ಹುಲುಗಣ್ಣ.

ಡಾಕ್ಟರ ದನಿ ಏರಿತು. "ಚೂರು ತಗದದ್ದಕ್ಕಲ್ರಿ, ತಡ ಮಾಡಿದ್ದಕ್ಕ ಹರಡ್ತತಿ! ಇವತ್ತ ಹೊರಡ್ರಿ."

ಬಳ್ಳಾರಿಯ ವರದಿ ಬಂತು. ಕ್ಯಾನ್ಸರ್. ಆಪರೇಷನ್ ಆಯಿತು, ಆಮೇಲೆ ವಿಕಿರಣ ಚಿಕಿತ್ಸೆ. ಜಂಬಕ್ಕ ಉಳಿದಳು. ಆದರೆ ಗಡ್ಡೆ ಮೇಲ್ದವಡೆಗೆ ಇಳಿದಿತ್ತು. ಅಂಗುಳದ ಒಂದು ಭಾಗ ತೆಗೆಯಲೇಬೇಕಾಯಿತು. ಮೊದಲು ರಕ್ತ ಕಂಡಾಗಲೇ ಬಂದಿದ್ದರೆ ಬಹುಶಃ ಇಷ್ಟು ತೆಗೆಯಬೇಕಿರಲಿಲ್ಲ ಎಂದರು ಅಲ್ಲಿನ ವೈದ್ಯರು.

ಈಗ ಆ ಜಾಗಕ್ಕೆ ಹಲ್ಲಿನ ಸೆಟ್ಟಿನಂಥ ಒಂದು ತಟ್ಟೆ ಕೂಡಿಸಿಕೊಂಡೇ ಜಂಬಕ್ಕ ಉಣ್ಣಬೇಕು, ಮಾತಾಡಬೇಕು. ಮಾತು ಮೂಗಿನಲ್ಲಿ ಬರುತ್ತದೆ. ಓಣಿಯ ಮಕ್ಕಳು ಅಣಕಿಸುತ್ತವೆ.

ಮೈಗೆ ಕಸುವು ಬಂದ ಮೇಲೆ ಅವಳು ಗಂಡನ ಜೊತೆ ಕೊಟ್ಟೂರು ಸಂತೆಗೆ ಹೋದಳು. ಓಬಳೇಶ್ ಅಲ್ಲೇ ಇದ್ದ. ದನಿ ಒಡೆದ ಮುದುಕರೊಬ್ಬರಿಗೆ ಸೀಸೆ ಕೊಡುತ್ತಿದ್ದ.

"ಲೇ ಓಬಳೇಶ! ಈ ಯಜಮಾನ್ರ ಗಂಟಲೊಳಗ ನೋಡಿದ್ಯೇನು?" ಜಂಬಕ್ಕ ತನ್ನ ಮೂಗುದನಿಯಲ್ಲೇ ಕಿರುಚಿದಳು. ಸಂತೆ ತಿರುಗಿ ನೋಡಿತು. "ನೋಡಲಾರದನ ನನ್ನ ಮೂಗಿಗೆ ಬೆಂಕಿ ಸುರಿದಿ. ಕೆಟ್ಟ ರಕ್ತ ಅಂದಿ. ನನ್ನ ಬಾಯಿ ನೋಡ್ರಿ ಎಲ್ರೂ!"

"ನಾನೇನು ಬಲವಂತ ಮಾಡಿದ್ನಾ?" ಓಬಳೇಶ್ ಗೊಣಗಿದ.

"ಕರಗಿಸ್ತೀನಿ ಅಂದಾಂವ ನೀನು," ಎಂದ ಹುಲುಗಣ್ಣ. "ನಂಬಿದಾಂವ ನಾನು. ಅನುಭವಿಸಿದಾಕಿ ಇಕಿ." ಅವನು ಮುದುಕರ ಕೈಯಿಂದ ಸೀಸೆ ಇಸಿದುಕೊಂಡು ಕೆಳಗಿಟ್ಟ. "ಬರ್ರಿ ಯಜಮಾನ್ರ, ಆಸ್ಪತ್ರಿಗೆ ನಾನ ಕರ್ಕಂಡು ಹೋಗ್ತೀನಿ."

ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ಒಂದೇ ಕಡೆ ಮೂಗು ಕಟ್ಟಿ ರಕ್ತ ಬಂದರೆ, ಒಡೆದ ದನಿ ಮೂರು ವಾರವಾದರೂ ಸರಿಹೋಗದಿದ್ದರೆ, ಬಾಯಿಹುಣ್ಣು ಮಾಯದಿದ್ದರೆ, ನುಂಗಲು ಕಷ್ಟವಾದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ, ದೊಡ್ಡವರಿಗೆ ಒಂದೇ ಕಿವಿ ಮುಚ್ಚಿಕೊಂಡು ಬಿಡದಿದ್ದರೆ ಕಾಯಬೇಡಿ. ಎಲ್ಲ ಗಡ್ಡೆಯೂ ಕ್ಯಾನ್ಸರ್ ಅಲ್ಲ. ಆದರೆ ಪರೀಕ್ಷೆ ಮಾಡದೆ ಅದು ಯಾರಿಗೂ ತಿಳಿಯುವುದಿಲ್ಲ. ಮನೆಯ ಹೆಣ್ಣುಮಗಳು ನೋವು ಅಂದರೆ ಆ ದಿನವೇ ಹೊರಡಿಸಿ. ಮನೆಯವರು ಹೊರಡಿಸದಿದ್ದರೆ, ತಾಯಿ, ಜಗಳವಾಡಿಯಾದರೂ ನೀನೇ ಹೊರಡು.