ಬಾವುಟವಿಲ್ಲದ ಜಾಗ

ಕಲ್ಲಿದ್ದಲು ಕಂಪನಿ ಆ ಹೊಲದ ಹೊಟ್ಟೆ ಬಗೆದು ಇಪ್ಪತ್ತು ವರ್ಷ ತಿಂದಿತ್ತು. ತಿಂದು ತೇಗಿದ ಮೇಲೆ ಗುಂಡಿ ಮುಚ್ಚಿ, ಮೇಲೆ ಕರಿಮಣ್ಣು ಹರಡಿ, ಹುಲ್ಲು ಬಿತ್ತಿ, ‘ಮೊದಲು ಹೇಗಿತ್ತೋ ಹಾಗೇ ಮಾಡಿದ್ದೀವಿ’ ಅಂದಿತು. ಹೌದು ಅಂತ ಸಹಿ ಹಾಕಬೇಕಾದವನು ಇಟಾಸ್ಕಾದ ಆಫೀಸೊಂದರ ಮಣ್ಣಿನ ಇಂಜಿನಿಯರ್ ಶೌಕತ್. ನಾಲ್ಕಡಿ ಆಳದವರೆಗೆ ಬೇರು ಇಳಿಯುವಂತಿರಬೇಕು, ಅದು ಷರತ್ತು. ಕಂಪನಿಯವರೇ ಬಾವುಟ ನೆಟ್ಟು ತೋರಿಸಿದ ಇಪ್ಪತ್ತು ಕಡೆ ಶೌಕತ್ ಉಕ್ಕಿನ ಸರಳು ಚುಚ್ಚಿ ನೋಡಿದ. ಇಪ್ಪತ್ತೂ ಕಡೆ ಸಲೀಸಾಗಿ ಇಳಿಯಿತು. ವರದಿ ಟೈಪಾಗಿ ಮೇಜಿನ ಮೇಲೆ ಕೂತಿತ್ತು. ಸಹಿಯೊಂದು ಬಾಕಿ.

ಆ ಸಹಿಗೆ ಇನ್ನೊಬ್ಬರು ಕಾಯುತ್ತಿದ್ದರು: ವೆಸ್ಟ್‌ಮಂಟ್‌ನಲ್ಲಿ ಟೈರ್ ಅಂಗಡಿ ಇಟ್ಟಿದ್ದ, ಬಿಜಾಪುರದಿಂದ ಸಾಗರ ದಾಟಿ ಈ ದೇಶಕ್ಕೆ ಬಂದ ಮುಯೀನ್ ಅಂಕಲ್. ಸಹಿ ಬಿದ್ದು ಸರ್ಕಾರ ಒಪ್ಪಿದರೆ ಹೊಲದ ಮೂಲೆಯ ನಾಲ್ಕು ಎಕರೆ ಖಬರಸ್ತಾನಕ್ಕೆ ಕೊಡುತ್ತೇವೆ ಅಂತ ಕಂಪನಿ ಮಾತು ಕೊಟ್ಟಿತ್ತು. ಅಂಕಲ್ ಹೆಂಡತಿ ದಿಲ್‌ಶಾದ್ ಆಂಟಿಗೆ ಕ್ಯಾನ್ಸರ್. ಡಾಕ್ಟರ್ ಕೈಬಿಟ್ಟಿದ್ದರು. ಊರ ಸ್ಮಶಾನದಲ್ಲಾದರೆ ಅಲ್ಲಿನ ನಿಯಮದಂತೆ ಕಾಂಕ್ರೀಟ್ ಪೆಟ್ಟಿಗೆಯೊಳಗೇ ಹೂಳಬೇಕು. ಆಂಟಿ ಕೇಳಿದ್ದು ಬರೀ ಮಣ್ಣು.

“ಹೆಂಗೂ ಸಹಿ ಬೀಳೂದೈತಿ. ಒಂದು ಕಬರ್ ತೋಡಿ ನೋಡೂಣು ನಡಿ,” ಎಂದು ಅಂಕಲ್ ಒಂದು ಶನಿವಾರ ಶೌಕತ್‌ನನ್ನು ಎಳೆದುಕೊಂಡು ಹೋದರು. ಎರಡು ಸಾವಿರದ ಒಂದು, ಏಪ್ರಿಲ್. ಆ ಮೂಲೆಯಲ್ಲಿ ಬಾವುಟವಿರಲಿಲ್ಲ. ಬಾಡಿಗೆ ಜೆಸಿಬಿ ಆಳುದ್ದ ತೋಡಿಕೊಟ್ಟು ಹೋಯಿತು. ಅಂಕಲ್ ಗುದ್ದಲಿ ಹಿಡಿದು ಒಳಗಿಳಿದರು. ಮಯ್ಯತ್ತಿನ ದೇಹವನ್ನು ಮಲಗಿಸಲು ಕಿಬ್ಲಾ ಕಡೆಯ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕಿನ ಗೋಡೆಯಲ್ಲಿ ಒಂದು ಗೂಡು ಕೊರೆಯಬೇಕು. ಬಿಜಾಪುರದಲ್ಲಿ ಅದು ಪಡುವಣಕ್ಕೆ, ಇಲ್ಲಿ ಈಶಾನ್ಯಕ್ಕೆ.

ಮೊದಲ ಏಟಿಗೇ ಗುದ್ದಲಿ ಠಣ್ಣೆಂದು ಹಿಂದಕ್ಕೆ ಪುಟಿಯಿತು. ಜೆಸಿಬಿ ಗೋಡೆಗೆ ಮೆತ್ತಿದ್ದ ಕರಿಮಣ್ಣು ಉದುರಿತು. ಹಿಂದೆ ಬೂದು ಬಣ್ಣದ ಜೇಡಿ, ಅದರೊಳಗೆ ಒಡೆದ ಕಲ್ಲು, ಕಲ್ಲಿದ್ದಲಿನ ಚೂರು. ಹಸಿ ಮಣ್ಣಿನ ಮೇಲೆ ದೈತ್ಯ ಯಂತ್ರಗಳನ್ನು ಓಡಿಸಿ ಓಡಿಸಿ ತುಳಿದು ಗಟ್ಟಿ ಮಾಡಿದ ನೆಲ. ಕೆಳಗೆ ಇಂಗಲಾರದೆ ಅದರ ನೆತ್ತಿಯ ಮೇಲೆ ನಿಂತಿದ್ದ ನೀರು ಕೆಂಪಗೆ ಜಿನುಗತೊಡಗಿತು.

ಶೌಕತ್‌ಗೆ ತಾನು ಬಾವುಟವಿದ್ದ ಕಡೆ ಮಾತ್ರ ಚುಚ್ಚಿದ್ದು ನೆನಪಾಗಿ ನಾಚಿಕೆಯಾಯಿತು. “ಅಂಕಲ್, ಮೇಲೆ ಬನ್ನಿ. ಸಾಕು.”

“ಏನು ಸಾಕು? ಇನ್ನಾ ಗೇಣಗಲ ಆಗಿಲ್ಲ.”

“ಇಲ್ಲಿ ನೀರು ಇಂಗಲ್ಲ ಅಂಕಲ್. ಮಳೆ ಬಂದ್ರೆ ಬಾನಿಯಲ್ಲಿ ನಿಂತ ಹಾಗೆ ನಿಲ್ಲುತ್ತೆ.”

“ನಮ್ಮಪ್ಪನ ಕೂಡ ನೂರು ಕಬರ್ ತೋಡೇನಿ. ನನಗ ಕಲಸ್ತಿಯೇನು?” ಅಂಕಲ್ ಇನ್ನೊಂದು ಏಟು ಹಾಕಿದರು. “ನಾ ಕಲ್ಲು ಹಾಸ್ತೀನಿ. ಕಾಲುವಿ ತಗೀತೀನಿ. ಆಕಿಗಿ ಇನ್ನ ಎಷ್ಟು ದಿನ ಐತೋ. ಸಹಿ ಹಾಕಿಬಿಡು ತಮ್ಮಾ.”

“ಸಹಿ ಹಾಕಿದ್ರೆ ಅವರು ಯಂತ್ರ ಎತ್ಕೊಂಡು ಹೋಗ್ತಾರೆ. ಆರುನೂರು ಎಕರೆ ಹೀಗೇ ಸತ್ತು ಬಿದ್ದಿರುತ್ತೆ. ಆಮೇಲೆ ಯಾರನ್ನ ಕೇಳೋದು?”

“ಅವರ ಬಾವುಟದ ಹಿಂದ ಕುರಿ ಹಂಗ ನಡದಿ. ಈಗ ನನ್ನ ಮುಂದ ಹುಲಿ ಆದಿ ನೋಡು!”

ಮಾತು ನೇರ ಎದೆಗೆ ನಾಟಿತು. ಶೌಕತ್ ಸೋಮವಾರ ಕಂಪನಿಗೆ ತಿಳಿಸಿ, ಬಾವುಟವಿಲ್ಲದ ಕಡೆಯೆಲ್ಲ ಸರಳು ಚುಚ್ಚುತ್ತ ಹೊಲವಿಡೀ ನಡೆದ. ನಲವತ್ತು ಕಡೆ ಚುಚ್ಚಿದರೆ ಮೂವತ್ತೇಳು ಕಡೆ ಸರಳು ಒಂದೂಕಾಲು ಅಡಿಗೇ ನಿಂತಿತು. ಹಳೆಯ ವರದಿ ಹರಿದು ಹಾಕಿ ಹೊಸದು ಬರೆದು ಸರ್ಕಾರಕ್ಕೆ ಕಳಿಸಿದ: ಈ ನೆಲವನ್ನು ಸರಿಪಡಿಸಿಲ್ಲ. ಕಂಪನಿಯ ಲೆಕ್ಕದಲ್ಲಿ ನೆಲ ಅಂದರೆ ಮೇಲಿನ ಹಸಿರು, ಅದೂ ಫೋಟೋಕ್ಕೆ ಬೀಳುವಷ್ಟು. ಮರುದಿನವೇ ಅದು ಒಂದು ಫೋನಿನಲ್ಲಿ ನಾಲ್ಕು ಎಕರೆಯ ಮಾತನ್ನು ವಾಪಸ್ ತೆಗೆದುಕೊಂಡಿತು.

ಆಂಟಿ ಗುರುವಾರ ತೀರಿಕೊಂಡರು. ಶೌಕತ್‌ಗೆ ಯಾರೂ ಹೇಳಿಕಳಿಸಲಿಲ್ಲ. ಆದರೂ ಹೋದ. ಊರ ಸ್ಮಶಾನದ ಗೇಟಿನಲ್ಲಿ, ಜನರಿಂದ ದೂರ, ಕೈಕಟ್ಟಿ ನಿಂತ. ಒಳಗೆ ಕಾಂಕ್ರೀಟ್ ಪೆಟ್ಟಿಗೆ ಬಾಯಿ ತೆರೆದು ಕಾದಿತ್ತು.

ಜನಾಜಾ ಹೊತ್ತು ಬಂದವರು ಗೇಟಿನ ಬಳಿ ನಿಂತರು. ಮುಂದಿದ್ದ ಮುಯೀನ್ ಅಂಕಲ್ ತಿರುಗಿ ನೋಡಿದರು. ಕಣ್ಣು ಕೆಂಡವಾಗಿತ್ತು.

“ನನ್ನ ಸಿಟ್ಟು ಇಳದಿಲ್ಲ. ಇಳಿಯೂದೂ ಇಲ್ಲ,” ಅಂದರು. “ಹೆಗಲು ಕೊಡು.”

ಶೌಕತ್ ಹೆಗಲು ಕೊಟ್ಟ. ನಾಲ್ಕು ಹೆಜ್ಜೆ ನಡೆದ ಮೇಲೆ ಅಂಕಲ್ ಮುಖ ತಿರುಗಿಸದೆಯೇ ಕೇಳಿದರು: “ಸರ್ಕಾರದವರು ವಿಚಾರಣಿ ಯಾವಾಗ ಇಟ್ಟಾರ?”

“ಬರೋ ತಿಂಗಳು, ಅಂಕಲ್.”

“ನನ್ನೂ ಕರಿ. ಒಳಗ ಇಳದು ನೋಡಿದಾಂವ ನಾನು.”