ಒಂದು ಮೀಟರು, ಏಳು ಒಲೆ

ವಿರೋಧ ಪಕ್ಷದವರ ತಿದ್ದುಪಡಿಯನ್ನು ಸಮಿತಿಯಲ್ಲಿ ಯಾರೂ ಓದುವುದಿಲ್ಲ. ಓದಿದ ಹಾಗೆ ಮುಖ ಮಾಡುತ್ತಾರೆ, ಅಷ್ಟೇ. ಕ್ರಿಸ್ಪಿನಾ ಡೋರೋನಿಲಾಗೆ ಇದು ಗೊತ್ತಿತ್ತು. ಸಂಸತ್ತಿಗೆ ಬಂದ ಆರು ವರ್ಷಗಳಲ್ಲಿ ಅವಳ ಒಂದೇ ಒಂದು ತಿದ್ದುಪಡಿಯೂ ಪಾಸಾಗಿರಲಿಲ್ಲ. ಆದರೆ ಈ ಸಲದ್ದು ಬಿದ್ದುಹೋದರೆ ಅವಳ ಹಳೆಯ ಓಣಿಯೇ ಕತ್ತಲಲ್ಲಿ ಕೂರಬೇಕಾಗಿತ್ತು.

ವಿಷಯ ಇಷ್ಟೇ. ಇಲ್ಲಿಯವರೆಗೆ ಬಡವರ ಪಟ್ಟಿ ನೋಡಿ ಕರೆಂಟಿಗೆ ರಿಯಾಯಿತಿ ಕೊಡುತ್ತಿದ್ದರು. ಹೊಸ ಮಸೂದೆಯಲ್ಲಿ ಪಟ್ಟಿ ಇಲ್ಲ, ಮೀಟರು ಮಾತ್ರ. ತಿಂಗಳಿಗೆ ಐವತ್ತು ಯೂನಿಟ್ ದಾಟಿದರೆ ನೀನು ಬಡವನಲ್ಲ. ಮನಿಲಾದಲ್ಲಿ ಕೂತು ಬರೆದವರಿಗೆ ಇದು ಚೊಕ್ಕವಾಗಿ ಕಂಡಿತು. ಕ್ರಿಸ್ಪಿನಾಳ ಊರಾದ ಬಾಲಿಸ್ಕಾನಿನ ಕಡಲ ದಂಡೆಯಲ್ಲಿ ಮಾತ್ರ ಒಂದು ಮೀಟರಿಗೆ ಏಳು ಮನೆ. ಮಗ ಮದುವೆಯಾದರೆ ಅಪ್ಪನ ಗೋಡೆಗೇ ಒಂದು ಬಿದಿರಿನ ಕೋಣೆ ಆನಿಸುತ್ತಾನೆ, ಅಪ್ಪನ ಮೀಟರಿನಿಂದಲೇ ತಂತಿ ಎಳೆಯುತ್ತಾನೆ. ಜಾಗದ ಪತ್ರ ಇಲ್ಲದವನಿಗೆ ಬೇರೆ ಮೀಟರು ಯಾರು ಕೊಡುತ್ತಾರೆ? ಏಳು ಮನೆಯ ದೀಪ, ಫ್ಯಾನು ಎಲ್ಲ ಸೇರಿದರೆ ಇನ್ನೂರು ಯೂನಿಟ್. ಕಾಗದದ ಮೇಲೆ ಅವರು ಶ್ರೀಮಂತರು.

ಕ್ರಿಸ್ಪಿನಾಳ ತಿದ್ದುಪಡಿ ಒಂದೇ ಸಾಲಿನದು: ಒಂದು ಮೀಟರಿನಲ್ಲಿ ಎಷ್ಟು ಒಲೆ ಉರಿಯುತ್ತವೆಯೋ ಅಷ್ಟು ಭಾಗ ಮಾಡಿ ಲೆಕ್ಕ ಹಾಕಿ. ಒಂದು ಒಲೆ ಎಂದರೆ ಒಂದು ಸಂಸಾರ.

ಅದಕ್ಕೆ ಸಾಕ್ಷಿ ಹೇಳಲು ಊರಿನಿಂದ ಉರ್ಸುಲಾ ಬಂದಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಆ ಏಳು ಮನೆಗಳ ಮೀಟರು ಇದ್ದದ್ದು ಅವಳ ಹೆಸರಿನಲ್ಲಿ. ಕ್ರಿಸ್ಪಿನಾ ಸಂಸದೆಯಾದರೂ ಅವಳ ಬಾಯಲ್ಲಿ ಇನ್ನೂ 'ಇಂದಾಯ್', ತಂಗಿಯನ್ನು ಕರೆದ ಹಾಗೆ; ಕ್ರಿಸ್ಪಿನಾಗೆ ಅವಳು 'ಮನಾಂಗ್', ಅಕ್ಕ.

"ಇಂದಾಯ್, ಎದುರಿಗೆ ಕೂತಿರೋ ಆ ಬೋಳುತಲೆಯವನು ಯಾರು? ನನ್ನನ್ನೇ ನುಂಗೋ ಹಾಗೆ ನೋಡ್ತಿದಾನೆ."

"ಕರೆಂಟ್ ಇಲಾಖೆ ಅಧಿಕಾರಿ, ಸೆವೆರೊ ಅಂತ. ನೀವು ಇದ್ದದ್ದು ಇದ್ದ ಹಾಗೆ ಹೇಳಿ, ಮನಾಂಗ್. ಹೆದರಬೇಡಿ."

"ನಾನ್ಯಾಕೆ ಹೆದರಲಿ? ನಿನ್ನ ಮುಖವೇ ಬಿಳಿಚಿಕೊಂಡಿದೆ."

ನಿಜವೇ. ಸೆವೆರೊನ ಮುಂದೆ ಒಂದು ಹಳೇ ಕಡತ ಇತ್ತು. ಅದರ ಬಣ್ಣ ನೋಡಿಯೇ ಕ್ರಿಸ್ಪಿನಾಗೆ ಗುರುತು ಸಿಕ್ಕಿತ್ತು.

ಉರ್ಸುಲಾ ಮಾತು ಮುಗಿಸಿದ ಕೂಡಲೇ ಸೆವೆರೊ ಎದ್ದ. "ಅಧ್ಯಕ್ಷರೇ, ಈಯಮ್ಮ ಹೇಳಿದ್ದೆಲ್ಲ ಸರಿ. ಆದ್ರೆ ಅಕ್ಕಪಕ್ಕದ ಮನೆಗೆ ತಂತಿ ಎಳೆಯೋದನ್ನ ಕಳ್ಳತನ ಅಂತಾರೆ. ಕಳ್ಳತನಕ್ಕೆ ರಿಯಾಯಿತಿ ಬೇರೆ ಕೇಡು. ಅಷ್ಟೇ ಅಲ್ಲ, ಇಲ್ಲೊಂದು ಪತ್ರ ಇದೆ. ಹದಿನಾಲ್ಕು ವರ್ಷದ ಹಿಂದೆ ಆ ಕೇರಿಗೆ ಮುಖ್ಯಸ್ಥರಾಗಿದ್ದ ಕ್ಯಾಪ್ಟನ್ ಬರೆದದ್ದು. 'ಓಣಿಗೆ ಒಂದು ಮೀಟರು ಕೊಡಿ, ಉಳಿದ ಮನೆಯವರು ಅದರಿಂದಲೇ ತಂತಿ ಎಳೆದುಕೊಳ್ಳಬಹುದು.' ಕೆಳಗೆ ಯಾರ ಸಹಿ ಅಂತ ಓದಲಾ, ಮೇಡಂ?"

ಕೋಣೆಯಲ್ಲಿ ಗುಸುಗುಸು ಶುರುವಾಯಿತು. ಪತ್ರಿಕೆಯವರು ತಲೆ ಎತ್ತಿದರು. ಕ್ರಿಸ್ಪಿನಾ ಬಾಯಿ ತೆರೆಯುವ ಮೊದಲೇ ಉರ್ಸುಲಾ ಮೈಕನ್ನು ಎಳೆದುಕೊಂಡಳು.

"ಅದು ಸುಳ್ಳು ಪತ್ರ! ನಾವೇ ಯಾರಿಗೂ ಹೇಳದೆ ತಂತಿ ಎಳೆದ್ವಿ. ಇವಳಿಗೆ ಏನೂ ಗೊತ್ತಿಲ್ಲ. ದೇವರಾಣೆ!"

ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತೂ ಹಾಕಿಕೊಂಡಳು. ಸೆವೆರೊ ನಕ್ಕ. "ಕೇಳಿದ್ರಲ್ಲ, ಅಧ್ಯಕ್ಷರೇ. ಅವರ ಬಾಯಿಂದಲೇ ಬಂತು."

ಸುಮ್ಮನಿದ್ದರೆ ಕ್ರಿಸ್ಪಿನಾ ಪಾರು. ಮುದುಕಿ ಅವಳ ಮಾನ ಉಳಿಸಿದ್ದಳು. ಆದರೆ ಆ ಒಂದು ಸುಳ್ಳಿನಿಂದ ಏಳು ಮನೆಯವರು ಕಳ್ಳರಾಗಿ ಸಮಿತಿಯ ದಾಖಲೆಗೆ ಹೋಗುತ್ತಿದ್ದರು. ಕಳ್ಳರಿಗೆ ಯಾವ ಸರ್ಕಾರ ರಿಯಾಯಿತಿ ಕೊಟ್ಟೀತು? ಕ್ರಿಸ್ಪಿನಾಗೆ ಮುದುಕಿಯ ಮೇಲೆ, ಸೆವೆರೊನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಸಿಟ್ಟು ನೆತ್ತಿಗೇರಿತು. ಮೇಜು ಗುದ್ದಿ ಎದ್ದಳು.

"ಮನಾಂಗ್, ಮೈಕು ಬಿಡಿ! ದೇವರ ಆಣೆ ಅಷ್ಟು ಅಗ್ಗ ಮಾಡಬೇಡಿ. ಆ ಸಹಿ ನನ್ನದು."

ಮೈಕನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಾನೇ ಬರೆದೆ, ನಾನೇ ಸೀಲು ಒತ್ತಿದೆ. ಆಗ ನಾನು ಕ್ಯಾಪ್ಟನ್. ಜಾಗದ ಪತ್ರ ಇಲ್ಲದವರಿಗೆ ಮೀಟರಿಲ್ಲ ಅಂದ್ರು. ಮೇಣದಬತ್ತಿ ಉರುಳಿ ಮೂರು ಮನೆ ಸುಟ್ಟಿತ್ತು. ಇನ್ನೇನು ಮಾಡ್ಬೇಕಿತ್ತು, ಸೆವೆರೊ ಅವರೇ? ನಿಮ್ಮ ಕಚೇರಿಗೆ ಬಂದು ಕಾಲು ಹಿಡೀಬೇಕಿತ್ತಾ? ತಪ್ಪು ಮಾಡಿದ್ದೀನಿ. ಆ ತಂತಿ ಒಂದಿನ ಇವರ ಕೊರಳಿಗೇ ಬೀಳುತ್ತೆ ಅಂತ ಆವತ್ತು ಹೊಳೀಲಿಲ್ಲ. ಶಿಕ್ಷೆ ಇದ್ರೆ ನನಗೆ ಕೊಡಿ. ಕ್ಯಾಪ್ಟನ್ ಸಹಿ ನಂಬಿ ತಂತಿ ಎಳೆದವರನ್ನ ಕಳ್ಳರು ಅನ್ನಬೇಡಿ."

ಕೂತಳು. ರಾಜೀನಾಮೆ ಕೇಳುತ್ತಾರೆ, ಕೇಳಲಿ ಅಂದುಕೊಂಡಳು.

ಅಧ್ಯಕ್ಷ ಲಾಕ್ಸಾ ಆಡಳಿತ ಪಕ್ಷದ ಹಳೇ ಹುಲಿ. ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದ.

"ಸೆವೆರೊ, ಅಂಥ ಪತ್ರ ಇನ್ನೂ ಎಷ್ಟಿವೆ ನಿನ್ನ ಹತ್ರ?"

"ಸಾರ್, ದೇಶದ ತುಂಬ ಇವೆ. ಇದೊಂದನ್ನ ಮಾತ್ರ ತಂದೆ."

"ನನ್ನ ಊರಿಂದೂ ಇರಬೇಕಲ್ಲ?"

ಸೆವೆರೊ ಕಡತ ಮುಚ್ಚಿದ.

"ನಾನೂ ಒಂಬತ್ತು ವರ್ಷ ಕ್ಯಾಪ್ಟನ್ ಆಗಿದ್ದವನಪ್ಪ. ಇಂಥದಕ್ಕೆ ಸಹಿ ಹಾಕಿ ಹಾಕಿ ನನ್ನ ಪೆನ್ನೇ ಸವೆದು ಹೋಗಿತ್ತು." ಲಾಕ್ಸಾ ಮೇಜಿನ ಸುತ್ತ ನೋಡಿದ. "ಇಲ್ಲಿ ಇನ್ಯಾರು ಕ್ಯಾಪ್ಟನ್ ಆಗಿದ್ದೋರು? ನಾಚ್ಕೋಬೇಡಿ, ಕೈ ಎತ್ತಿ."

ಒಂದು ಕೈ ಎದ್ದಿತು. ಆಮೇಲೆ ಮೂರು. ಆಮೇಲೆ ಲೆಕ್ಕ ಇಡಲಾಗಲಿಲ್ಲ. ಅದರಲ್ಲಿ ಹೆಚ್ಚಿನವರು ಆಡಳಿತ ಪಕ್ಷದವರೇ.

"ಹಂಗಾದ್ರೆ ನಾವೆಲ್ಲ ಒಟ್ಟಿಗೆ ಜೈಲಿಗೆ ಹೋಗೋಣ, ಇಲ್ಲ ಈ ಸಾಲು ಸೇರಿಸೋಣ. ಮೇಡಂ ಕ್ರಿಸ್ಪಿನಾ, ತಿದ್ದುಪಡಿ ನನ್ನ ಹೆಸರಲ್ಲಿ ಹೋಗುತ್ತೆ. ನಿಮ್ಮ ಹೆಸರಿದ್ರೆ ನಮ್ಮೋರು ಓಟು ಹಾಕಲ್ಲ."

"ನಿಮ್ಮ ಅಜ್ಜಿ ಹೆಸರು ಹಾಕ್ಕೊಳ್ಳಿ, ನನಗೇನು! ಒಲೆ ಲೆಕ್ಕ ಇದ್ರೆ ಸಾಕು."

ಇಡೀ ಕೋಣೆ ನಕ್ಕಿತು. ವಿರೋಧಿಸಿದವರು ಇಬ್ಬರೇ. ತಿದ್ದುಪಡಿ ಸಮಿತಿಯಲ್ಲಿ ಪಾಸಾಯಿತು. ಸದನ ಇನ್ನೂ ಬಾಕಿ ಇತ್ತು, ಆದರೆ ಲಾಕ್ಸಾನ ಹೆಸರು ಹೊತ್ತ ಸಾಲನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ.

ಹೊರಗಿನ ಮೊಗಸಾಲೆಗೆ ಬಂದಾಗ ಕ್ರಿಸ್ಪಿನಾ ಗೋಡೆಗೊರಗಿ ನೆಲದ ಮೇಲೇ ಕೂತುಬಿಟ್ಟಳು. ಉರ್ಸುಲಾ ಪಕ್ಕದಲ್ಲಿ ಕೂತು, ಚೀಲದಿಂದ ಬಾಳೆಎಲೆಯಲ್ಲಿ ಸುತ್ತಿದ ಅಂಟಕ್ಕಿಯ ಕಡುಬು ಸುಮಾನ್ ತೆಗೆದು ಬಿಚ್ಚಿ ಕೊಟ್ಟಳು.

"ತಿನ್ನು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಅಲ್ಲ ಕಣೇ, ನನ್ನ ಕೈಲಿ ದೇವರಾಣೆ ಹಾಕಿಸಿ ಆಮೇಲೆ ನಿಜ ಹೇಳ್ತೀಯಲ್ಲ! ಈಗ ಪಾದ್ರಿ ಹತ್ರ ಹೋಗಿ ತಪ್ಪೊಪ್ಪಿಗೆ ಹೇಳೋರ್ಯಾರು?"

"ನಾನು ಹಾಕಿಸಿದ್ನಾ? ನೀವೇ ಹಾಕಿದ್ದು!"

"ನೀನು ಮೊದಲೇ ಬಾಯಿ ಬಿಟ್ಟಿದ್ರೆ ನಾನ್ಯಾಕೆ ಹಾಕ್ತಿದ್ದೆ?"

ಕ್ರಿಸ್ಪಿನಾಳ ಬಾಯಿ ತುಂಬ ಸುಮಾನ್ ಇತ್ತು, ಕಣ್ಣಲ್ಲಿ ನೀರೂ ಇತ್ತು, ನಗುವೂ ಬರುತ್ತಿತ್ತು. ಉರ್ಸುಲಾ ಊರಿಗೆ ಫೋನು ಹಚ್ಚಿ, ಮೊಗಸಾಲೆಯ ಕಾವಲುಗಾರ ಹೌಹಾರುವ ಹಾಗೆ ಕೂಗಿದಳು: "ಪಾಸಾಯ್ತು ಕಣ್ರೋ! ಏಳು ಒಲೆಗೂ!" ಆ ಕಡೆಯಿಂದ ಗದ್ದಲ ಕೇಳಿತು. ಯಾರೋ ಪಾತ್ರೆ ಬಡಿಯುತ್ತಿದ್ದರು.

ಒಳಗಿನಿಂದ ಗುಮಾಸ್ತ ಬಂದ. "ಮೇಡಂ, ಮುಂದಿನ ವಿಷಯ ಡೀಸೆಲ್ ತೆರಿಗೆ. ನಿಮ್ಮದು ವಿರೋಧ ಇದೆಯಾ?"

"ಇದೆ," ಎಂದಳು ಕ್ರಿಸ್ಪಿನಾ, ಎದ್ದು ಅಂಟಂಟಾಗಿದ್ದ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತ. "ಇದ್ದೇ ಇದೆ. ಬಂದೆ, ಇರಪ್ಪ."