ಮಳೆಗಾಲದಲ್ಲಿ ತೋರಿಸಿದ ಹೆಣ್ಣು

ಅಮ್ಮಾಜಿ ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಅಕ್ಕ ವರಲಕ್ಷ್ಮಿಯ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಮೈ ಮೇಲಿನ ನೀರು ಆರುವ ಮೊದಲೇ ಹಚ್ಚಿ ಮುಗಿಸಬೇಕು. ಮೊಣಕಾಲಿನಿಂದ ಕೆಳಕ್ಕೆ, ಉಜ್ಜದೆ, ಅಂಗೈಯನ್ನು ಜಾರಿಸುತ್ತಾ ಬಂದರೆ ಮೀನಿನ ಪೊರೆಯಂತೆ ಎದ್ದಿದ್ದ ಚರ್ಮ ಎಣ್ಣೆ ಕುಡಿದು ಮೆಲ್ಲಗೆ ಮಲಗಿಕೊಳ್ಳುತ್ತಿತ್ತು. ಸೀಳಿದ ಜಾಗಕ್ಕೆ ಬೆರಳು ತಾಗಿದಾಗ ವರಲಕ್ಷ್ಮಿ ಸೆರಗಿನ ತುದಿ ಕಚ್ಚಿ ಹಿಡಿಯುತ್ತಿದ್ದಳು. ಒಳಗೆ ಅವರಮ್ಮ ಅಕ್ಕಯ್ಯಮ್ಮ ಮಜ್ಜಿಗೆ ಕಡೆಯುವ ಸದ್ದೊಂದೇ ಕೇಳುತ್ತಿತ್ತು.

ಸಂಕ್ರಾಂತಿ ಕಳೆದ ಮಾರನೆಯ ದಿನವೇ ವರಲಕ್ಷ್ಮಿಯನ್ನು ಗಂಡನ ಮನೆಯವರು ತವರಿಗೆ ಕಳಿಸಿಬಿಟ್ಟಿದ್ದರು.

ಅವಳ ಮೈ ಹುಟ್ಟಿದಾಗಿನಿಂದ ಹಾಗೇ. ಮಳೆ ಹಿಡಿದರೆ ಎಲ್ಲರ ಮೈಯಂತೆ ನುಣುಪು. ಕಾರ್ತಿಕದ ಗಾಳಿ ಎದ್ದರೆ ಮೊದಲು ಕಾಲು ಬಿಳಿಚಿಕೊಂಡು ಬಿರಿಯುತ್ತಿತ್ತು, ಆಮೇಲೆ ತೋಳು. ಬೇಸಿಗೆಯಲ್ಲಿ ಬೆವರು ಸರಿಯಾಗಿ ಬರದೆ ಮೈಯೆಲ್ಲ ಕಾಯುತ್ತಿತ್ತು. ಬಂಗಾರಪೇಟೆ ಪಕ್ಕದ ಅವರ ಹಳ್ಳಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರೂ ದೊಡ್ಡದು ಮಾಡಿರಲಿಲ್ಲ. ಆದರೆ ಮಾರಿಕುಪ್ಪಂ ಕಡೆಯಿಂದ, ಚಿನ್ನದ ಗಣಿಯಲ್ಲಿ ಕೆಲಸವಿದ್ದ ಕದಿರಪ್ಪನಿಗೆ ಹೆಣ್ಣು ನೋಡಲು ಬರುತ್ತೇವೆಂದು ಮಾಘ ಮಾಸದಲ್ಲಿ ಹೇಳಿಕಳಿಸಿದಾಗ ಅಕ್ಕಯ್ಯಮ್ಮ ಹಸು ಈಯುವ ನೆಪ ಹೇಳಿ ಮುಂದಕ್ಕೆ ಹಾಕಿದಳು. ಆಮೇಲೆ ಇನ್ನೊಂದು ನೆಪ. ಕೊನೆಗೆ ಅವರು ಬಂದದ್ದು ಶ್ರಾವಣದ ಜಡಿಮಳೆಯಲ್ಲಿ. ಅರಿಶಿನ ಹಚ್ಚಿದ ವರಲಕ್ಷ್ಮಿಯ ಕಾಲು ಬಾಳೆದಿಂಡಿನಂತೆ ಹೊಳೆಯುತ್ತಿತ್ತು. ಮದುವೆಯೂ ಆ ಮಳೆಯಲ್ಲೇ ಮುಗಿದುಹೋಯಿತು.

"ಒಂದ್ ಮಾತು ಏಳಿದ್ರೆ ಆಗ್ತಿತ್ತಲ್ಲಮ್ಮ," ಎಂದು ಅಮ್ಮಾಜಿ ಆಗ ಅಂದಿದ್ದಳು.

"ಸುಮ್ಕಿರೇ. ಚಳೀಲಿ ಯಾರ ಕಾಲು ಒಡೆಯಾಕಿಲ್ಲ?" ಎಂದು ಅಕ್ಕಯ್ಯಮ್ಮ ಬಾಯಿ ಮುಚ್ಚಿಸಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಮ್ಮಾಜಿ ಇಸ್ಕೂಲು ಬಿಟ್ಟು ಹಸು ನೋಡಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಅಮ್ಮನ ಮಾತೇ ಕೊನೆಯದು.

ಚಳಿ ಬಂತು. ಗಣಿಯ ಪುಡಿ ಸುರಿದು ಎದ್ದ ಬಿಳಿ ದಿಬ್ಬದ ಧೂಳನ್ನು ಹೊತ್ತು ಬೀಸುವ ಗಾಳಿ ವರಲಕ್ಷ್ಮಿಯ ಮೈಯನ್ನು ಇನ್ನೂ ಒಣಗಿಸಿತು. ಅವಳ ಅತ್ತೆ ಮಾರಿಯಮ್ಮ ಅದನ್ನು ಕೊಳೆ ಅಂದುಕೊಂಡಳು. "ಮೈ ತೊಳ್ಕೊಳ್ಳಾದೂ ನಿಮ್ಮಮ್ಮ ಕಲಿಸ್ಲಿಲ್ವೇನೇ?" ಎಂದು ಹಂಡೆಯ ಕುದಿನೀರು ಹುಯ್ದು, ಸೀಗೆಪುಡಿ ಹಾಕಿ, ಹಿಮ್ಮಡಿ ತಿಕ್ಕುವ ಕಲ್ಲಿನಲ್ಲಿ ತಿಕ್ಕಿದಳು. ತಿಕ್ಕಿದಷ್ಟೂ ಬಿರಿಯಿತು, ರಕ್ತ ಬಂತು. ಆಗ ಕೊಳೆ ಎಂಬ ಮಾತು ಹೋಗಿ ರೋಗ ಎಂಬ ಮಾತು ಬಂತು. ಕದಿರಪ್ಪ ಹೆಂಡತಿಯನ್ನು ಕರೆತಂದು ಜಗಲಿಯ ಹತ್ತಿರ ಬಿಟ್ಟವನು ಕಾಫಿ ಕೂಡ ಕುಡಿಯಲಿಲ್ಲ. "ವಾಸಿ ಆದ್ಮೇಲೆ ಏಳ್ಕಳ್ಸಿ, ಬತ್ತೀನಿ," ಎಂದಷ್ಟೇ ಹೇಳಿ ಹೋದ.

ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಲು ಮುಟ್ಟಿ ನೋಡಿ, ಇದು ಅಂಟುವ ರೋಗವಲ್ಲ, ಹುಟ್ಟಿನಿಂದ ಬಂದ ಒಣ ಚರ್ಮ, ಪೂರ್ತಿ ಹೋಗುವುದಿಲ್ಲ, ನೋಡಿಕೊಂಡರೆ ಕಾಟ ಕೊಡುವುದಿಲ್ಲ ಎಂದರು. ಸುಡುವ ನೀರು ಬೇಡ, ಉಗುರು ಬೆಚ್ಚಗಿರಲಿ, ದಿನಾ ಸೀಗೆ, ಸೋಪು ಬೇಡ, ಕಲ್ಲು ಮುಟ್ಟಿಸಲೇಬೇಡಿ, ಮೈ ಹಸಿಯಿರುವಾಗಲೇ ಎಣ್ಣೆ ಹಚ್ಚಿ, ಬೇಸಿಗೆಯಲ್ಲಿ ನೆರಳಲ್ಲಿರಲಿ, ಒದ್ದೆ ಬಟ್ಟೆ ಹೊದೆಸಿ, ಮಳೆಗಾಲದಲ್ಲಿ ಚೆನ್ನಾಗಿದೆ ಅಂತ ಎಣ್ಣೆ ಬಿಡಬೇಡಿ. "ಅವರತ್ತೇನ ಒಂದು ಸಲ ಕರ್ಕೊಂಡು ಬನ್ನಿ, ನಾನೇ ಹೇಳ್ತೀನಿ," ಎಂದೂ ಅಂದರು.

ಹೊರಗೆ ಬಂದ ಅಕ್ಕಯ್ಯಮ್ಮ ತಲೆ ಕೊಡವಿದಳು. "ಬೀಗಿತ್ತೀನ ಆಸ್ಪತ್ರೆಗೆ ಕರುದ್ರೆ, ರೋಗ ಐತೆ ಅಂತ ನಾವೇ ಒಪ್ಕೊಂಡಂಗೆ. ಬ್ಯಾಡ. ಆಷಾಢ ಕಳೀಲಿ. ಒಸ ಸೊಸೆ ಆಷಾಢಕ್ಕೆ ತವರಿಗೆ ಬಂದು ಶ್ರಾವಣಕ್ಕೆ ಓಗ್ತಾಳೆ. ಯಾರೂ ಏನೂ ಕೇಳಾಕಿಲ್ಲ."

ಡಾಕ್ಟರಮ್ಮ ಹೇಳಿದ್ದನ್ನು ಮನಸ್ಸಿಗೆ ಹಾಕಿಕೊಂಡವಳು ಅಮ್ಮಾಜಿ. ಮಾಘದ ಚಳಿ ಕಳೆದು ಶಿವರಾತ್ರಿ ಬಂತು, ಯುಗಾದಿ ಬಂತು. ಹಾಲು ಕರೆದು ಡೈರಿಗೆ ಹಾಕಿ ಬಂದವಳೇ ಎಣ್ಣೆಯ ಬಟ್ಟಲು ಹಿಡಿಯುವಳು. ಬಿಸಿಲು ಏರಿದಾಗ ಹಳೆಯ ಪಂಚೆ ನೆನೆಸಿ ಅಕ್ಕನ ಬೆನ್ನಿಗೆ ಹೊದೆಸುವಳು. ಸೀಳುಗಳು ಕೂಡಿಕೊಂಡವು.

"ಗೌರಿ ಹಸೂಗೂ ಇಷ್ಟು ಉಪಚಾರ ಮಾಡ್ಲಿಲ್ಲ ಕಣೇ ನೀನು," ಎಂದು ವರಲಕ್ಷ್ಮಿ ಒಂದು ದಿನ ನಕ್ಕಳು.

"ಗೌರಿ ಹಾಲು ಕೊಡ್ತಾಳೆ. ನೀನೇನ್ ಕೊಡ್ತೀಯ?"

"ನಿಮ್ ಭಾವನ್ಗೆ ಏಳಿ ಗಾಜಿನ ಬಳೆ ಕೊಡುಸ್ತೀನಿ, ಬಿಡು."

ಅಕ್ಕ ಇನ್ನೂ ಆ ಮನೆಯನ್ನೇ ನೆಚ್ಚಿಕೊಂಡಿದ್ದಾಳೆಂದು ಅಮ್ಮಾಜಿಗೆ ಆಗ ತಿಳಿಯಿತು. ಅವಳು ಇನ್ನಷ್ಟು ಜೋಪಾನವಾಗಿ ಎಣ್ಣೆ ಹಚ್ಚಿದಳು.

ಶ್ರಾವಣದ ಸೋನೆಯಲ್ಲಿ ಮೂವರೂ ಮಾರಿಕುಪ್ಪಂ ರೈಲು ಹತ್ತಿದರು. ಅಮ್ಮಾಜಿ ಬರುವುದು ಬೇಕಿರಲಿಲ್ಲ. "ನೀನೂ ಬಾ, ಅಲ್ಲಿ ಬಳೆ ಮೇಲಕ್ಕೇರಿಸ್ಕೊಂಡು ಕೂತ್ಕೋ," ಎಂದು ಅಕ್ಕಯ್ಯಮ್ಮನೇ ಹೊರಡಿಸಿದ್ದಳು.

ಕದಿರಪ್ಪ ಮಂಚದ ಮೇಲೆ ಕೂತಿದ್ದ. ಎದ್ದು ನಿಲ್ಲಲಿಲ್ಲ. ಮಾರಿಯಮ್ಮ ಚಾಪೆ ಹಾಸಿದಳು. ವರಲಕ್ಷ್ಮಿ ಸೀರೆಯ ಅಂಚನ್ನು ಕೊಂಚ ಮೇಲೆತ್ತಿ ಪಾದ ಮುಂದಿಟ್ಟು ಕೂತಳು.

"ನೋಡಿ ಬೀಗಿತ್ತಿ, ಎಂಗೈತೆ ಈಗ," ಎಂದಳು ಅಕ್ಕಯ್ಯಮ್ಮ.

"ನೋಡ್ದೆ," ಎಂದಳು ಮಾರಿಯಮ್ಮ. "ಮಳೇಲಿ ಎಣ್ಣು ತೋರುಸ್ದ್ರಿ, ಮಳೇಲಿ ಧಾರೆ ಎರುದ್ರಿ, ಈಗ್ಲೂ ಮಳೇಲೇ ಕರ್ಕೊಂಡ್ ಬಂದಿದೀರ. ಬಲೇ ಜಾಣೆ ಕಣಮ್ಮ ನೀನು. ಚಳಿ ಬಂದ್ರೆ ತಿರ್ಗಾ ಅದೇ ತಾನೇ?"

ಅಕ್ಕಯ್ಯಮ್ಮ ತಡವರಿಸಿದಳು. "ರೋಗ ಅಲ್ಲ ಬೀಗಿತ್ತಿ. ನಮ್ ವಂಶದಾಗೇ ಅಂಥಾದ್ದಿಲ್ಲ. ಬೇಕಾದ್ರೆ ಇವಳ್ನ ನೋಡಿ, ಒಂದೇ ಒಟ್ಟೇಲಿ ಉಟ್ಟಿರೋಳು." ಅವಳು ಅಮ್ಮಾಜಿಯ ಕೈ ಹಿಡಿದು ಮುಂದಕ್ಕೆ ಚಾಚಿದಳು. "ಚಳೀಲೂ ಹಿಂಗೇ ಇರ್ತೈತೆ. ಮುಟ್ಟಿ ನೋಡಿ."

ಮಾರಿಯಮ್ಮ ಮುಟ್ಟಿದಳು. ಮುಂಗೈಯಿಂದ ಮೊಣಕೈವರೆಗೆ, ಸಂತೆಯಲ್ಲಿ ಬಟ್ಟೆ ನೋಡುವ ಹಾಗೆ ಮೆಲ್ಲಗೆ ಸವರಿದಳು. ಮುಖದ ಬಿಗುವು ಸಡಿಲವಾಯಿತು.

"ಚಳೀಲೂ ಹಿಂಗೇ?"

"ಹಿಂಗೇ."

"ಅಂಗಾದ್ರೆ ಇವಳ್ನ ಕೊಡಿ ನಮ್ಮುಡುಗುಂಗೆ. ದೊಡ್ಡೋಳೂ ಇರ್ಲಿ, ಬ್ಯಾಡ ಅನ್ನಾಕಿಲ್ಲ. ದನ ಕರ ನೋಡ್ಕೊಂಡು ಇಲ್ಲೇ ಇರ್ಲಿ. ಅಕ್ಕತಂಗೀರು, ಜಗಳ ಇರಾಕಿಲ್ಲ."

ಅಮ್ಮಾಜಿ ಕೈ ಎಳೆದುಕೊಂಡಳು. ಭಾವನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ, ಆದರೆ ಕಿವಿ ಇತ್ತಲೇ ಇತ್ತು. ಅಮ್ಮ ಈಗ ಎದ್ದೇಳುತ್ತಾಳೆ, ಈಗ ಬೈಯುತ್ತಾಳೆ ಎಂದು ಕಾದಳು. ಅಕ್ಕಯ್ಯಮ್ಮ ಚಾಪೆಯ ಅಂಚನ್ನು ಕೀಳುತ್ತಾ ಕೂತಿದ್ದಳು.

"ಮನೇಲಿ ಯೋಚ್ನೆ ಮಾಡಿ ಏಳ್ತೀವಿ," ಎಂದಳು ಕೊನೆಗೆ.

ಅಷ್ಟು ಹೊತ್ತೂ ತಲೆ ತಗ್ಗಿಸಿದ್ದ ವರಲಕ್ಷ್ಮಿ ಆಗ ತಲೆ ಎತ್ತಿದಳು. ಮಗ್ಗುಲಲ್ಲಿ ಕೂತಿದ್ದ ಅಮ್ಮಾಜಿ ಅವಳ ಮುಖ ನೋಡಿದಳು. ಅಲ್ಲಿ ಕೋಪ ಇರಲಿಲ್ಲ, ಅಳುವೂ ಇರಲಿಲ್ಲ. ಈ ಮನೆಯಲ್ಲಿ ಇರಲು ಒಂದು ಜಾಗ ಸಿಕ್ಕಿತಲ್ಲ ಎಂಬಂತೆ ಅವಳು ಗೋಡೆಯನ್ನು, ದೀಪದ ಮಾಡವನ್ನು, ಒಲೆಯ ಮೂಲೆಯನ್ನು ಒಂದೊಂದಾಗಿ ನೋಡುತ್ತಿದ್ದಳು.

ವರಲಕ್ಷ್ಮಿಗೆ ಇರು ಅಂತ ಯಾರೂ ಅನ್ನಲಿಲ್ಲ. ಮೂವರೂ ಹಿಂದಕ್ಕೆ ಬರುವ ರೈಲಿನಲ್ಲಿ ಜನ ಕಮ್ಮಿ. ಮಳೆ ಒಳಗೆ ಎರಚುತ್ತಿದ್ದರೂ ಯಾರೂ ಕಿಟಕಿ ಇಳಿಸಲಿಲ್ಲ. ಅಕ್ಕಯ್ಯಮ್ಮ ಹೊರಗೆ ನೋಡುತ್ತಿದ್ದಳು. ವರಲಕ್ಷ್ಮಿ ಕಣ್ಣು ಮುಚ್ಚಿದ್ದಳು. ನಿದ್ದೆ ಮಾಡಿರಲಿಲ್ಲ, ರೆಪ್ಪೆ ಅದುರುತ್ತಿತ್ತು. ದಾರಿಯ ಸ್ಟೇಷನ್ನುಗಳು ಒಂದೊಂದಾಗಿ ಹಿಂದೆ ಸರಿದವು. ಬಂಗಾರಪೇಟೆ ಹತ್ತಿರ ಬಂದಾಗ ಅಮ್ಮಾಜಿ ಬಾಯಿ ತೆರೆದಳು. ಅವಳ ದನಿ ಯಾವತ್ತೂ ಸಣ್ಣದು. ಆವತ್ತು ಇಬ್ಬರಿಗೂ ಕೇಳುವಷ್ಟು ದೊಡ್ಡದಾಗಿಯೇ ಹೇಳಿದಳು.

"ಅಮ್ಮ, ಆಗಾಕಿಲ್ಲ ಅಂತ ಏಳ್ಬಿಡಮ್ಮ ಅವ್ರಿಗೆ."